ಹದಿಮೂರು ಜನರ ಲೆಕ್ಕ

1932ರ ಡಿಸೆಂಬರ್ 13ರಂದು ಅಮೆರಿಕದ ನ್ಯೂಜರ್ಸಿ ರಾಜ್ಯದ ಕ್ಯಾಮ್ಡೆನ್ ಎಂಬ ಊರಿನಲ್ಲಿ, ವಿಕ್ಟರ್ ಎಂಬ ರೆಕಾರ್ಡ್ ಕಂಪನಿಯು ಕೊಂಡು ಸ್ಟುಡಿಯೊ ಮಾಡಿಕೊಂಡಿದ್ದ ಹಳೆಯ ಚರ್ಚಿನೊಳಗೆ, ಬೆನ್ನಿ ಮೋಟೆನ್ ಅವರ ಜಾಝ್ ವಾದ್ಯತಂಡ ಒಂದೇ ದಿನದಲ್ಲಿ ಹತ್ತು ಹಾಡುಗಳನ್ನು ನುಡಿಸಿ ಮುದ್ರಿಸಿಕೊಟ್ಟಿತು. ಕಾನ್ಸಾಸ್ ಸಿಟಿಯಿಂದ ಪೂರ್ವದ ಕಡೆಗೆ ಹೊರಟಿದ್ದ ಅವರ ಪ್ರವಾಸ ಅಷ್ಟು ಹೊತ್ತಿಗೆ ಪೂರ್ತಿ ನೆಲಕಚ್ಚಿತ್ತು. ಫಿಲಡೆಲ್ಫಿಯಾದಲ್ಲಿ ನುಡಿಸಿ ಗಳಿಸಿದ್ದ ದುಡ್ಡು ಹಳೆಯ ಸಾಲಕ್ಕೆ ಜಪ್ತಿಯಾಗಿ, ಕೈಯಲ್ಲಿ ಊಟಕ್ಕೂ ಕಾಸಿರಲಿಲ್ಲ. ಯಾರೋ ಪುಣ್ಯಾತ್ಮರು ಒದಗಿಸಿದ ಮೊಲದ ಸಾರು ಮತ್ತು ಬ್ರೆಡ್ಡನ್ನು ಬಿಲಿಯರ್ಡ್ಸ್ ಮೇಜಿನ ಸುತ್ತ ನಿಂತು ತಿಂದು ಸ್ಟುಡಿಯೊಗೆ ಹೋದೆವು ಎಂದು ತಂಡದವರು ಮುಂದೆ ನೆನಪಿಸಿಕೊಂಡಿದ್ದಾರೆ. ಆ ತಂಡದಲ್ಲಿ ಪಿಯಾನೊ ನುಡಿಸುತ್ತಿದ್ದವರು ಬಿಲ್ ಬೇಸಿ, ಅಂದರೆ ಮುಂದೆ ಕೌಂಟ್ ಬೇಸಿ ಎಂದು ಹೆಸರಾದವರು. ಅಂದು ಮುದ್ರಿತವಾದ ಹತ್ತರಲ್ಲಿ ಒಂದು 'ಮೋಟೆನ್ ಸ್ವಿಂಗ್'. ಇಂದು ಅದನ್ನು ಹಾಕಿಕೊಂಡು ಕೇಳಿದರೆ ಹಸಿದವರು ನುಡಿಸಿದ್ದೆಂದು ಯಾರೂ ಹೇಳಲಾರರು. ವಾಲ್ಟರ್ ಪೇಜ್ ಅವರ ಬಾಸ್ ತಂತಿಗಳು ತಳದಲ್ಲಿ ನಾಲ್ಕು ಹೆಜ್ಜೆಗಳನ್ನು ಒಂದೇ ಸಮನೆ ಇಡುತ್ತಾ ಹೋಗುತ್ತವೆ; ಅದರ ಮೇಲೆ ಸ್ಯಾಕ್ಸೊಫೋನುಗಳು ಯಾವ ಅವಸರವೂ ಇಲ್ಲದವರಂತೆ ಮಾತಿಗೆ ಕೂರುತ್ತವೆ.

ಆ ಮುದ್ರಿಕೆಗಳನ್ನು ಕೊಳ್ಳುವವರೇ ಇರಲಿಲ್ಲ. 1927ರಲ್ಲಿ ಅಮೆರಿಕದಲ್ಲಿ ಹತ್ತು ಕೋಟಿಗೂ ಹೆಚ್ಚು ಗ್ರಾಮಫೋನ್ ರೆಕಾರ್ಡುಗಳು ಮಾರಾಟವಾಗಿದ್ದರೆ, 1932ರಲ್ಲಿ ಆ ಸಂಖ್ಯೆ ಸುಮಾರು 60 ಲಕ್ಷಕ್ಕೆ ಇಳಿದಿತ್ತು. ಲೆಕ್ಕಪತ್ರ ಬರೆಯುವುದೇ ನನ್ನ ಕಸುಬಾದ್ದರಿಂದ ಇಂಥ ಎರಡು ಅಂಕಿಗಳು ಅಕ್ಕಪಕ್ಕದಲ್ಲಿ ಕಂಡರೆ ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತದೆ. ಮಾರ್ಚ್ ತಿಂಗಳ ಕೊನೆಯ ರಾತ್ರಿಗಳಲ್ಲಿ, ತಾಳೆಯಾಗದ ಖಾತೆಗಳ ಮುಂದೆ ಕುಳಿತಾಗ ಹಿನ್ನೆಲೆಗೆಂದು ಹಾಕಿಕೊಂಡು ಕೇಳಲು ತೊಡಗಿದ ಸಂಗೀತ ಇದು. ಬರುಬರುತ್ತಾ ಖಾತೆಗಳೇ ಹಿನ್ನೆಲೆಯಾದವು. ಮಹಾ ಆರ್ಥಿಕ ಕುಸಿತದ ಕಷ್ಟಕಾಲದಲ್ಲಿ ಜನ ದುಃಖ ಮರೆಯಲು ಕುಣಿದರು, ಆದ್ದರಿಂದ ಸ್ವಿಂಗ್ ಎಂಬ ಜಾಝ್ ನೃತ್ಯಸಂಗೀತ ಬೆಳೆಯಿತು ಎಂಬ ವಿವರಣೆಯನ್ನು ನಾನೂ ಬಹಳ ಕಾಲ ನಂಬಿದ್ದೆ. ಕೇಳಲು ಹಿತವಾದ ವಿವರಣೆಯೇ ಹೌದು. ಆದರೆ ದುಃಖ 1932ರಲ್ಲಿ ಬೇಕಾದಷ್ಟಿತ್ತು, ಸಂಗೀತವೂ ಆ ಚರ್ಚಿನೊಳಗೆ ಮಾಗಿ ನಿಂತಿತ್ತು; ಆದರೂ ಅದನ್ನು ನುಡಿಸಿದವರು ಉಪವಾಸವಿದ್ದರು. ಹಾಗಾದರೆ ಅದು ಅರಳಿದ್ದು ಯಾವುದರಿಂದ?

ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ, ಮತ್ತು ಲೆಕ್ಕದವನಾದ ನನಗೆ ಅದೇ ಹೆಚ್ಚು ಕಾಡಿದ್ದು. 1920ರ ದಶಕದ ಆರಂಭದಲ್ಲಿ, ದೇಶದಲ್ಲಿ ಹಣ ಓಡಾಡುತ್ತಿದ್ದಾಗ, ನ್ಯೂ ಆರ್ಲಿಯನ್ಸ್ ಮಾದರಿಯ ಜಾಝ್ ತಂಡವೆಂದರೆ ಐದಾರು ಜನ. ದೇಶ ದಿವಾಳಿಯೆದ್ದ ಮೇಲೆ ಮೆರೆದ ತಂಡಗಳಲ್ಲಿದ್ದವರು ಹದಿಮೂರು, ಹದಿನಾಲ್ಕು, ಕೆಲವೊಮ್ಮೆ ಹದಿನಾರು ಜನ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ಹಾಗೆ. ಕೆಲವು ವರ್ಷಗಳ ಹಿಂದೆ ತಂಗಿಯ ಮದುವೆಗೆ ಬ್ಯಾಂಡ್‌ಸೆಟ್ ಗೊತ್ತು ಮಾಡಲು ಹೋಗಿದ್ದೆ. ಯಜಮಾನರು ಯಾವ ಹಾಡು ಬೇಕೆಂದು ಕೇಳಲಿಲ್ಲ, "ಹನ್ನೊಂದು ಜನ ಬರ್ಬೇಕಾ ಸಾರ್, ಏಳು ಜನ ಸಾಕಾ?" ಎಂದು ಕೇಳಿದರು. ತಲೆಗಿಷ್ಟು ಕೂಲಿ, ಊಟ, ಟೆಂಪೊ ಬಾಡಿಗೆ ಎಂದು ಅವರು ಬಾಯಲ್ಲೇ ಕೂಡಿ ಹೇಳಿದ ಮೊತ್ತ ಕೇಳಿ ನಾನು ಏಳಕ್ಕೇ ಒಪ್ಪಿಕೊಂಡೆ. ದುಡ್ಡು ಕಡಿಮೆಯಾದಾಗ ಮೊದಲು ಕಡಿಮೆಯಾಗುವುದು ತಲೆಗಳ ಸಂಖ್ಯೆ ಎಂಬುದು ಎಲ್ಲ ಊರಿನ ಬ್ಯಾಂಡುಗಳಿಗೂ ಅನ್ವಯಿಸುವ ಲೆಕ್ಕ. ಸ್ವಿಂಗ್ ಕಾಲದ ಅಮೆರಿಕದಲ್ಲಿ ಅದು ತಲೆಕೆಳಗಾಗಿತ್ತು.

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ವಾದ್ಯಗಾರರ ಪಾಲಿಗೆ ಏಟು ಅದಕ್ಕಿಂತ ಮೊದಲೇ ಬಿದ್ದಿತ್ತು. 1927ರಲ್ಲಿ ಮಾತನಾಡುವ ಸಿನಿಮಾ ಬಂದಮೇಲೆ, ಮೂಕಿಚಿತ್ರಗಳಿಗೆ ಪರದೆಯ ಕೆಳಗೆ ಕುಳಿತು ನುಡಿಸುತ್ತಿದ್ದ ಸಾವಿರಾರು ಜನ ಕೆಲಸ ಕಳೆದುಕೊಂಡಿದ್ದರು. ಬ್ಲೂಸ್ ಗಾಯನದ ಸಾಮ್ರಾಜ್ಞಿ ಎನಿಸಿದ್ದ ಬೆಸ್ಸಿ ಸ್ಮಿತ್ ಅವರನ್ನು ಕೊಲಂಬಿಯಾ ಕಂಪನಿ 1931ರಲ್ಲಿ ಕೈಬಿಟ್ಟಿತು. ಕ್ಲಾರಿನೆಟ್ ಮತ್ತು ಸೊಪ್ರಾನೊ ಸ್ಯಾಕ್ಸೊಫೋನಿನ ಮಹಾನ್ ವಾದಕ ಸಿಡ್ನಿ ಬೆಷೆ 1933ರಲ್ಲಿ ಗೆಳೆಯ ಟಾಮಿ ಲ್ಯಾಡ್ನಿಯರ್ ಜೊತೆಗೂಡಿ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನಲ್ಲಿ ಟೈಲರಿಂಗ್ ಅಂಗಡಿ ತೆರೆದರು. ಇಸ್ತ್ರಿ ಮತ್ತು ರಿಪೇರಿ ಅಲ್ಲಿನ ವ್ಯವಹಾರ. ಜಗತ್ತಿನ ಅತ್ಯುತ್ತಮ ವಾದಕರಲ್ಲಿ ಒಬ್ಬರು ಗಿರಾಕಿಯ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದ ದೃಶ್ಯವನ್ನು ಊಹಿಸಿಕೊಂಡರೆ, ಕಷ್ಟವೇ ಕಲೆಯ ತಾಯಿ ಎಂಬ ಮಾತನ್ನು ಇನ್ನೊಮ್ಮೆ ಆಡಲು ನಾಲಿಗೆ ಏಳುವುದಿಲ್ಲ. ಬ್ಲೂ ಡೆವಿಲ್ಸ್ ಎಂಬ ಒಳ್ಳೆಯ ತಂಡವೊಂದು 1933ರಲ್ಲಿ ವೆಸ್ಟ್ ವರ್ಜೀನಿಯಾದ ಬ್ಲೂಫೀಲ್ಡ್ ಎಂಬಲ್ಲಿ ದಿಕ್ಕಿಲ್ಲದೆ ಸಿಕ್ಕಿಹಾಕಿಕೊಂಡು ಅಲ್ಲೇ ಚದುರಿಹೋಯಿತು. ಆ ಕೊನೆಯ ದಿನಗಳಲ್ಲಿ ಆ ತಂಡದಲ್ಲಿ, ಮುಂದೆ ದೊಡ್ಡ ಹೆಸರು ಮಾಡಿದ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಇದ್ದರು.

ಆ ಕೆಟ್ಟ ವರ್ಷಗಳಲ್ಲಿ ರೇಡಿಯೊದಲ್ಲಿ ಓಡುತ್ತಿದ್ದದ್ದು ಬೇರೆಯದೇ ಸಂಗೀತ: ಪಿಟೀಲುಗಳ ಹಾಸಿಗೆಯ ಮೇಲೆ ಮಲಗಿ ಕಿವಿಯಲ್ಲಿ ಪಿಸುಗುಡುವಂಥ ಗಾಯನ, ಮೃದುವಾದ ನೃತ್ಯಸಂಗೀತ. ಜಾಝ್ ಎಂದರೆ 1920ರ ದಶಕದ ಮೋಜಿನೊಂದಿಗೆ ಮುಗಿದುಹೋದ ಗದ್ದಲ ಎಂದುಕೊಂಡವರೇ ಹೆಚ್ಚು. ಜಾಝ್ ತಂಡದ ನಾಯಕ ಡ್ಯೂಕ್ ಎಲಿಂಗ್ಟನ್ 'ಸ್ವಿಂಗ್ ಇಲ್ಲದಿದ್ದರೆ ಅದಕ್ಕೆ ಅರ್ಥವೇ ಇಲ್ಲ' ಎಂಬ ಭಾವದ ತಮ್ಮ ಹೆಸರಾಂತ ಹಾಡನ್ನು 1932ರ ಫೆಬ್ರವರಿಯಲ್ಲೇ ಮುದ್ರಿಸಿದ್ದರು. ಹೆಸರು ಬಂದಿತ್ತು, ಸರಕೂ ಸಿದ್ಧವಿತ್ತು, ಆದರೆ ಸಂತೆ ಇನ್ನೂ ಸೇರಿರಲಿಲ್ಲ.

ಸ್ವಿಂಗ್ ಎಂಬುದು ಲಯದ ಒಂದು ಗುಣ. ನಮ್ಮ ತಾಳದ ಭಾಷೆ ಬಲ್ಲವರಿಗೆ ಇದನ್ನು ಹೇಳುವುದು ಸುಲಭ. ಎಣಿಕೆ ನಾಲ್ಕರದ್ದೇ, ಆದರೆ ಪ್ರತಿ ಎಣಿಕೆಯ ಒಳಗೆ ಎರಡು ಸಮಭಾಗಗಳ ಬದಲು ತಿಶ್ರ ನಡೆಯ ನೆರಳು ಇರುತ್ತದೆ. ಮೊದಲ ಸ್ವರ ಕೊಂಚ ಉದ್ದ, ಎರಡನೆಯದು ಕೊಂಚ ಗಿಡ್ಡ. ಹಾಗೆಂದು ಲೆಕ್ಕದ ಪ್ರಕಾರ ಮೂರರಲ್ಲಿ ಎರಡು, ಮೂರರಲ್ಲಿ ಒಂದು ಎಂದು ನುಡಿಸಿದರೆ ಕುದುರೆ ಟಾಂಗಾ ಓಡಿದಂತೆ ಕೇಳುತ್ತದೆಯೇ ಹೊರತು ಸ್ವಿಂಗ್ ಆಗುವುದಿಲ್ಲ. ಎಷ್ಟು ವಾಲಬೇಕೆಂಬುದನ್ನು ನುಡಿಸುವವರ ಮೈಯೇ ನಿರ್ಧರಿಸಬೇಕು. ಹಳೆಯ ಜಾಝ್ ತಂಡಗಳಲ್ಲಿ ತಳದ ಲಯವನ್ನು ಟ್ಯೂಬಾ ಎಂಬ ದೊಡ್ಡ ಕಹಳೆಯೂ ಬ್ಯಾಂಜೊ ವಾದ್ಯವೂ ಹಿಡಿಯುತ್ತಿದ್ದವು. ಉಸಿರು ಕಟ್ಟಿ ಊದಬೇಕಾದ ಟ್ಯೂಬಾ ಸಾಮಾನ್ಯವಾಗಿ ನಾಲ್ಕರಲ್ಲಿ ಎರಡು ಎಣಿಕೆಗಷ್ಟೇ ದನಿಗೂಡಿಸುತ್ತಿತ್ತು. ಅದರ ಜಾಗಕ್ಕೆ ಬೆರಳಿನಿಂದ ಮೀಟುವ ನಿಲುವಿನ ಬಾಸ್, ಬ್ಯಾಂಜೊ ಜಾಗಕ್ಕೆ ಗಿಟಾರ್ ಬಂದಾಗ ನಾಲ್ಕೂ ಎಣಿಕೆಗಳು ಸಮಾನವಾದವು, ನೆಲ ಸಪಾಟಾಯಿತು. ಕುಣಿಯುವವರಿಗೆ ಬೇಕಾಗಿದ್ದದ್ದು ಆ ಸಪಾಟು ನೆಲ.

ಹದಿಮೂರು ಜನ ಒಟ್ಟಿಗೆ ನುಡಿಸುವಾಗ ಸಂತೆಯಾಗದಂತೆ ನೋಡಿಕೊಳ್ಳುವುದು ಮಾತ್ರ ಬೇರೆ ವಿದ್ಯೆ. ಅದಕ್ಕೆ ದಾರಿ ಹಾಕಿದವರು ನ್ಯೂಯಾರ್ಕಿನ ರೋಸ್‌ಲ್ಯಾಂಡ್ ನೃತ್ಯಶಾಲೆಯಲ್ಲಿ ತಂಡ ಕಟ್ಟಿದ್ದ ಕಪ್ಪು ಸಂಗೀತಗಾರ ಫ್ಲೆಚರ್ ಹೆಂಡರ್ಸನ್ ಮತ್ತು ಅವರ ಜೊತೆಗಿದ್ದ ಡಾನ್ ರೆಡ್‌ಮನ್. ತುತ್ತೂರಿ ಮತ್ತು ಟ್ರೊಂಬೋನುಗಳದ್ದು ಒಂದು ಬಣ, ಸ್ಯಾಕ್ಸೊಫೋನು ಕ್ಲಾರಿನೆಟ್ಟುಗಳದ್ದು ಇನ್ನೊಂದು ಬಣ. ಒಂದು ಕೇಳಿದರೆ ಇನ್ನೊಂದು ಉತ್ತರಿಸಬೇಕು, ನಡುವೆ ಒಬ್ಬೊಬ್ಬರಿಗೂ ಮನೋಧರ್ಮಕ್ಕೆ ಜಾಗವಿರಬೇಕು. ನಮ್ಮಲ್ಲಿ ಸವಾಲ್ ಜವಾಬ್ ಎನ್ನುತ್ತೇವಲ್ಲ, ಅದನ್ನೇ ಕಾಗದದ ಮೇಲೆ ಇಳಿಸಿ, ಇಡೀ ತಂಡ ಒಬ್ಬನೇ ವಾದಕ ಯೋಚಿಸಿದಂತೆ ಕೇಳಿಸುವ ಹಾಗೆ ಮಾಡಿದ್ದು ಹೆಂಡರ್ಸನ್ ಅವರ ಸಾಧನೆ. 1934ರಲ್ಲಿ ಅವರ ತಂಡ ಮುರಿದುಬಿತ್ತು. ತಾವು ಬರೆದ ವಾದ್ಯಸಂಯೋಜನೆಗಳನ್ನು ಅವರು ತಲಾ 37.50 ಡಾಲರಿಗೆ ಬೆನ್ನಿ ಗುಡ್‌ಮನ್ ಎಂಬ ಬಿಳಿಯ ಯುವ ಕ್ಲಾರಿನೆಟ್ ವಾದಕನಿಗೆ ಮಾರತೊಡಗಿದರು.

ಗುಡ್‌ಮನ್ ಅವರ ಹಿನ್ನೆಲೆಯೂ ಬಡತನದ್ದೇ. ಷಿಕಾಗೊದ ಯಹೂದಿ ವಲಸಿಗ ಕುಟುಂಬದ ಹನ್ನೆರಡು ಮಕ್ಕಳಲ್ಲಿ ಒಂಬತ್ತನೆಯವರು. ತಂದೆ ಕಸಾಯಿಖಾನೆಯಲ್ಲಿ ಕೊಬ್ಬು ತುಂಬುವ ಕೆಲಸದಲ್ಲಿದ್ದರು. ಹುಡುಗನ ಕೈಗೆ ಮೊದಲು ಕ್ಲಾರಿನೆಟ್ ಕೊಟ್ಟಿದ್ದು ಬಡಾವಣೆಯ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. 1934ರ ಡಿಸೆಂಬರಿನಲ್ಲಿ ಬಿಸ್ಕತ್ತು ಕಂಪನಿಯೊಂದರ ಪ್ರಾಯೋಜಕತ್ವದಲ್ಲಿ ಎನ್‌ಬಿಸಿ ರೇಡಿಯೊದಲ್ಲಿ ಶನಿವಾರ ರಾತ್ರಿಯ ನೃತ್ಯ ಕಾರ್ಯಕ್ರಮ ಆರಂಭವಾದಾಗ ಮೂರು ತಂಡಗಳಲ್ಲಿ ಅವರದ್ದೂ ಒಂದಾಯಿತು, ಮತ್ತು ಹೊಸ ಸಂಯೋಜನೆಗಳನ್ನು ಬರೆಸಲು ಕಾರ್ಯಕ್ರಮದ ಬಜೆಟ್ಟಿನಲ್ಲಿ ಹಣ ಇಡಲಾಗಿತ್ತು. ಹೆಂಡರ್ಸನ್ ಅವರ ಕಾಗದಗಳು ಕೈ ಬದಲಾಯಿಸಿದ್ದು ಹೀಗೆ. ಗುಡ್‌ಮನ್ ತಂಡದ ಸರದಿ ಬರುವಾಗ ನ್ಯೂಯಾರ್ಕಿನಲ್ಲಿ ಮಧ್ಯರಾತ್ರಿ ಕಳೆದು, ಕೇಳುವವರೆಲ್ಲ ನಿದ್ದೆ ಹೋಗಿರುತ್ತಿದ್ದರು. 1935ರ ಮೇ ತಿಂಗಳಲ್ಲಿ ಬಿಸ್ಕತ್ತು ಕಾರ್ಖಾನೆಯ ಕಾರ್ಮಿಕರ ಮುಷ್ಕರದ ಕಾರಣ ಕಾರ್ಯಕ್ರಮವೇ ನಿಂತಿತು.

ತಂಡ ಊರೂರು ಸುತ್ತುತ್ತಾ ಪಶ್ಚಿಮಕ್ಕೆ ಹೊರಟಿತು. ಡೆನ್ವರಿನಲ್ಲಿ ಜನ ಮುಖ ತಿರುಗಿಸಿದರು. ಆಗಸ್ಟ್ 21ರಂದು ಲಾಸ್ ಏಂಜಲಿಸ್ಸಿನ ಪಾಲೊಮಾರ್ ನೃತ್ಯಶಾಲೆಯಲ್ಲಿಯೂ ಮೊದಮೊದಲು ಸಪ್ಪೆ ಹಾಡುಗಳನ್ನೇ ನುಡಿಸಿ, ಸಭಿಕರ ನಿರುತ್ಸಾಹ ಕಂಡು, ಮುಳುಗುವುದೇ ಆದರೆ ನಮ್ಮದನ್ನೇ ನುಡಿಸಿ ಮುಳುಗೋಣ ಎಂದು ಹೆಂಡರ್ಸನ್ ಬರೆದ ಹಾಳೆಗಳನ್ನು ತೆಗೆಸಿದರಂತೆ. ಕುಣಿಯುತ್ತಿದ್ದವರು ಕುಣಿತ ನಿಲ್ಲಿಸಿ ವೇದಿಕೆಯ ಸುತ್ತ ಬಂದು ನಿಂತು ಕೂಗತೊಡಗಿದರು. ಸ್ವಿಂಗ್ ಯುಗ ಹುಟ್ಟಿದ್ದು ಆ ರಾತ್ರಿ ಎಂದು ಹೇಳುವುದು ವಾಡಿಕೆ. ನನಗೆ ಇಲ್ಲಿ ಮುಖ್ಯವೆನಿಸುವುದು ಗಡಿಯಾರ. ನ್ಯೂಯಾರ್ಕಿನಲ್ಲಿ ನಡುರಾತ್ರಿ ದಾಟಿದಾಗ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ರಾತ್ರಿ ಒಂಬತ್ತೂವರೆ ಹತ್ತು. ಪೂರ್ವದವರು ಮಲಗಿದ್ದಾಗ ಬಿತ್ತರವಾದದ್ದನ್ನು ಪಶ್ಚಿಮದ ಹುಡುಗ ಹುಡುಗಿಯರು ಆರು ತಿಂಗಳು ಎದ್ದು ಕುಳಿತು ಕೇಳಿದ್ದರು. ಗುಡ್‌ಮನ್ ಬರುವ ಮೊದಲೇ ಅವರ ಸಂಗೀತ ಅಲ್ಲಿಗೆ ಬಂದು ಮನೆ ಮಾಡಿಕೊಂಡಿತ್ತು, ಅದೂ ಪುಕ್ಕಟೆಯಾಗಿ.

ಪುಕ್ಕಟೆ ಎಂಬ ಆ ಮಾತಿನಲ್ಲೇ ನನ್ನ ಪ್ರಶ್ನೆಯ ಅರ್ಧ ಉತ್ತರವಿದೆ. 1930ರ ಜನಗಣತಿಯ ವೇಳೆಗೆ ಅಮೆರಿಕದ ಶೇಕಡ 40ರಷ್ಟು ಮನೆಗಳಲ್ಲಿ ಮಾತ್ರ ರೇಡಿಯೊ ಇತ್ತು. 1940ರ ವೇಳೆಗೆ ಅದು ಶೇಕಡ 80ನ್ನು ದಾಟಿತ್ತು. ಹೊಟ್ಟೆಬಟ್ಟೆ ಕಟ್ಟಿಯಾದರೂ ಜನ ರೇಡಿಯೊ ಕೊಂಡರು, ಏಕೆಂದರೆ ಒಮ್ಮೆ ಕೊಂಡರೆ ಮುಂದೆ ಖರ್ಚಿಲ್ಲ. 1933ರ ಡಿಸೆಂಬರಿನಲ್ಲಿ ಪಾನನಿಷೇಧ ರದ್ದಾಗಿ ಮುಚ್ಚಿದ ಬಾಗಿಲ ಹಿಂದಿದ್ದ ಮದ್ಯದಂಗಡಿಗಳು ಬೀದಿಗೆ ಬಂದವು. ಬ್ಯಾಂಡು ಕರೆಸುವ ತಾಕತ್ತಿಲ್ಲದ ಅಂಗಡಿಯವರು ಮೂಲೆಯಲ್ಲಿ ಜ್ಯೂಕ್‌ಬಾಕ್ಸ್ ಇಟ್ಟರು. ಐದು ಸೆಂಟಿನ ನಾಣ್ಯ ಹಾಕಿದರೆ ಎಲಿಂಗ್ಟನ್ ತಂಡವೇ ಬಂದು ನುಡಿಸಿದಂತೆ. ದಶಕದ ಕೊನೆಗೆ ಈ ಪೆಟ್ಟಿಗೆಗಳ ಸಂಖ್ಯೆ ಲಕ್ಷಗಳ ಲೆಕ್ಕಕ್ಕೆ ಏರಿ, ರೆಕಾರ್ಡುಗಳ ದೊಡ್ಡ ಗಿರಾಕಿಗಳೇ ಅವುಗಳ ಮಾಲೀಕರಾದರು. 1934ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಡೆಕ್ಕಾ ಕಂಪನಿ, ಉಳಿದವರು 75 ಸೆಂಟಿಗೆ ಮಾರುತ್ತಿದ್ದ ರೆಕಾರ್ಡನ್ನು 35 ಸೆಂಟಿಗೆ ಇಳಿಸಿತು. ಇದೇ ಹೊತ್ತಿಗೆ ರೂಸ್‌ವೆಲ್ಟ್ ಸರ್ಕಾರದ ಕಾಮಗಾರಿಗಳಿಂದ ಜನರ ಜೇಬಿಗೆ ಚಿಲ್ಲರೆ ಹಣ ಮರಳತೊಡಗಿತ್ತು. ಸ್ವಿಂಗ್ ಮೇಲೆದ್ದದ್ದು ಕಷ್ಟದ ತಳದಲ್ಲಿ ಅಲ್ಲ. ತಳ ಮುಟ್ಟಿ ಮೇಲೆ ಬರುವಾಗ, ಕೈಗೆ ಐದು ಸೆಂಟು ಬಂದ ಗಳಿಗೆಯಲ್ಲಿ.

ಉಳಿದರ್ಧ ಉತ್ತರ ನೃತ್ಯಶಾಲೆಯ ಗಾತ್ರದಲ್ಲಿದೆ. ಧ್ವನಿವರ್ಧಕ ವ್ಯವಸ್ಥೆ ಹಾಡುಗಾರರ ಮೈಕಿಗಷ್ಟೇ ಸೀಮಿತವಾಗಿದ್ದ ಕಾಲದಲ್ಲಿ ಎರಡು ಮೂರು ಸಾವಿರ ಜನರ ಕಾಲ್ಸಪ್ಪಳವನ್ನು ಮೀರಿ ಕೇಳಿಸಬೇಕಾದರೆ ಹದಿಮೂರು ಜನ ಬೇಕೇ ಬೇಕು. ಕೆಲಸವಿಲ್ಲದ ವಾದ್ಯಗಾರರು ಎಲ್ಲೆಡೆ ಇದ್ದುದರಿಂದ ಅವರ ಕೂಲಿ ಅಗ್ಗವಾಗಿತ್ತು. ಟಿಕೆಟ್ ದರ ಒಂದು ಡಾಲರಿನ ಒಳಗೆ, ಆದರೆ ತೆರುವವರು ಸಾವಿರಾರು. ತಲೆಗೆ ಕಡಿಮೆ ಕೊಟ್ಟು ಹೆಚ್ಚು ತಲೆಗಳನ್ನು ಸೇರಿಸುವ ಈ ವ್ಯಾಪಾರ ವೇದಿಕೆಯ ಮೇಲೂ ಕೆಳಗೂ ಒಂದೇ ಸೂತ್ರದಲ್ಲಿ ನಡೆಯಿತು. ಬ್ಯಾಂಡ್‌ಸೆಟ್ ಯಜಮಾನರ ಲೆಕ್ಕ ತಲೆಕೆಳಗಾದದ್ದು ಅಲ್ಲಿ.

ಹಾರ್ಲೆಮ್‌ನ ಸವಾಯ್ ನೃತ್ಯಶಾಲೆ 1926ರ ಮಾರ್ಚಿನಲ್ಲಿ ತೆರೆದಿತ್ತು. ಲೆನಾಕ್ಸ್ ಅವೆನ್ಯೂದಲ್ಲಿ 140ನೆಯ ಬೀದಿಯಿಂದ 141ನೆಯ ಬೀದಿಯವರೆಗೆ ಚಾಚಿದ ಕಟ್ಟಡ. ಮಹಡಿ ಹತ್ತಿ ಹೋದರೆ ಮೇಪಲ್ ಮರದ ಉದ್ದನೆಯ ನೆಲ, ಪಕ್ಕದಲ್ಲಿ ಒಂದರ ಬದಿಗೊಂದು ಎರಡು ವೇದಿಕೆಗಳು. ಒಂದು ತಂಡ ದಣಿದು ನಿಲ್ಲಿಸಿದೊಡನೆ ಇನ್ನೊಂದು ತಂಡ ಎತ್ತಿಕೊಳ್ಳುತ್ತಿದ್ದುದರಿಂದ ರಾತ್ರಿಯಿಡೀ ಸಂಗೀತ ಕಡಿಯುತ್ತಿರಲಿಲ್ಲ. ಆ ನೆಲವನ್ನು ಸುಮಾರು ಮೂರು ವರ್ಷಕ್ಕೊಮ್ಮೆ ಕಿತ್ತು ಹೊಸದಾಗಿ ಹಾಕಬೇಕಾಗುತ್ತಿತ್ತಂತೆ. ಕಾಲುಗಳು ಉಜ್ಜಿ ಉಜ್ಜಿ ಮರ ಸವೆದದ್ದನ್ನು ಯಾವ ಹೆಸರಿನಡಿ ಖರ್ಚು ಬರೆದಿದ್ದರೋ ಎಂದು ಯೋಚಿಸುವುದು ನನ್ನ ಕಸುಬಿನ ಚಟ. ಸವಕಳಿ ಎಂಬ ನಮ್ಮ ಪದ ಅಷ್ಟು ಸರಿಯಾಗಿ ಹೊಂದುವ ಇನ್ನೊಂದು ಜಾಗವನ್ನು ನಾನು ಕಂಡಿಲ್ಲ. ಕಪ್ಪು ಬಿಳಿ ಜನ ಒಂದೇ ನೆಲದ ಮೇಲೆ ಕುಣಿಯಬಹುದಾಗಿದ್ದ ಆಗಿನ ಅಮೆರಿಕದ ಅಪರೂಪದ ಜಾಗಗಳಲ್ಲಿ ಅದೂ ಒಂದು. ಗುರುವಾರದ ರಾತ್ರಿಗೆ ಅಲ್ಲಿ 'ಅಡುಗೆಮನೆ ಮೆಕ್ಯಾನಿಕ್‌ಗಳ ರಾತ್ರಿ' ಎಂಬ ಅಡ್ಡಹೆಸರಿತ್ತು, ಏಕೆಂದರೆ ಬಿಳಿಯರ ಮನೆಗಳಲ್ಲಿ ಅಡುಗೆ, ಒಗೆತ ಮಾಡುತ್ತಿದ್ದ ಹೆಂಗಸರಿಗೆ ವಾರದಲ್ಲಿ ಬಿಡುವು ಸಿಗುತ್ತಿದ್ದದ್ದು ಆ ದಿನ. ವಾರವೆಲ್ಲ ಪಾತ್ರೆ ತೊಳೆದ ಕೈಗಳು ಅಂದು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬರುತ್ತಿದ್ದವು. ಲಿಂಡಿ ಹಾಪ್ ಎಂಬ ಕುಣಿತ ಬೆಳೆದದ್ದು ಈ ಜನರ ಕಾಲುಗಳಲ್ಲಿ, ಮತ್ತು ವಾದ್ಯಗಾರರು ಆ ಕಾಲುಗಳನ್ನು ನೋಡಿಯೇ ಲಯವನ್ನು ತಿದ್ದಿಕೊಂಡರು.

ಸವಾಯ್‌ನ ಕಾಯಂ ತಂಡ ಚಿಕ್ ವೆಬ್ ಅವರದ್ದು. ಬಾಲ್ಯದಲ್ಲಿ ಬೆನ್ನುಹುರಿಗೆ ತಗುಲಿದ ಕ್ಷಯದಿಂದ ಬೆನ್ನು ಬಾಗಿ, ಎತ್ತರ ಕುಗ್ಗಿದ್ದ ಆ ಡ್ರಮ್ ವಾದಕ ಎತ್ತರದ ಆಸನದ ಮೇಲೆ ಕುಳಿತು ತಮ್ಮ ಅಳತೆಗೆ ಮಾಡಿಸಿಕೊಂಡ ವಾದ್ಯಗಳ ನಡುವಿನಿಂದ ಇಡೀ ತಂಡವನ್ನು ಓಡಿಸುತ್ತಿದ್ದರು. 1937ರ ಮೇ 11ರಂದು ಗುಡ್‌ಮನ್ ತಂಡ, ಅಷ್ಟು ಹೊತ್ತಿಗೆ ದೇಶಕ್ಕೇ ಪ್ರಸಿದ್ಧವಾಗಿದ್ದ ತಂಡ, ಪೈಪೋಟಿಗೆಂದು ಸವಾಯ್‌ಗೆ ಬಂತು. ಒಳಗೆ ಸುಮಾರು 4,000 ಜನ, ಹೊರಗೆ ಜಾಗ ಸಿಗದೆ ನಿಂತವರು ಅದಕ್ಕಿಂತಲೂ ಹೆಚ್ಚು. ಗೆದ್ದದ್ದು ವೆಬ್ ತಂಡವೆಂಬುದರಲ್ಲಿ ಸೋತವರಿಗೂ ಅನುಮಾನವಿರಲಿಲ್ಲ. ಗುಡ್‌ಮನ್ ತಂಡದ ಡ್ರಮ್ ವಾದಕ ಜೀನ್ ಕ್ರೂಪಾ ಎದುರಾಳಿಗೆ ತಲೆಬಾಗಿ ವಂದಿಸಿದರು. ಎರಡು ವರ್ಷ ಕಳೆದು, 1939ರ ಜೂನ್‌ನಲ್ಲಿ ವೆಬ್ ತೀರಿಕೊಂಡರು.

ಅವರ ತಂಡಕ್ಕೆ 1935ರಲ್ಲಿ ಸೇರಿದ ಗಾಯಕಿಯ ಕತೆಯನ್ನು ಬಿಟ್ಟು ಮುಂದೆ ಹೋಗಲಾರೆ. ತಾಯಿ ತೀರಿಹೋಗಿ, ಬಾಲಕಿಯರ ಸುಧಾರಣಾ ಶಾಲೆಯಿಂದ ತಪ್ಪಿಸಿಕೊಂಡು, ಹಾರ್ಲೆಮ್ ಬೀದಿಗಳಲ್ಲಿ ಹೇಗೋ ಬದುಕಿದ್ದ ಹದಿನೇಳರ ಹುಡುಗಿಯೊಬ್ಬಳು 1934ರ ನವೆಂಬರ್ 21ರಂದು ಅಪೊಲೊ ರಂಗಮಂದಿರದ ಹವ್ಯಾಸಿಗಳ ಸ್ಪರ್ಧೆಗೆ ಬಂದಳು. ಬಂದದ್ದು ಕುಣಿಯಲು. ತನ್ನ ಸರದಿಗೆ ಮೊದಲು ಇಬ್ಬರು ಅಕ್ಕತಂಗಿಯರು ಕುಣಿದದ್ದನ್ನು ಕಂಡು ಎದೆಗುಂದಿ, ವೇದಿಕೆಯ ಮೇಲೆ ನಿಂತ ಮೇಲೆ ಹಾಡುವೆನೆಂದು ನಿರ್ಧಾರ ಬದಲಿಸಿದಳು. ಎಲಾ ಫಿಟ್ಜ್‌ಜೆರಾಲ್ಡ್ ಅವರ ದನಿ ಜಗತ್ತಿಗೆ ಸಿಕ್ಕಿದ್ದು ಹಾಗೆ. ಕಷ್ಟ ಅವರನ್ನು ರೂಪಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ಕಷ್ಟ ಆ ಹುಡುಗಿಯನ್ನು ಮುಗಿಸುವುದರಲ್ಲಿತ್ತು, ಬಾಗಿಲೊಂದು ತೆರೆದಿತ್ತು ಅಷ್ಟೆ.

ಕಾನ್ಸಾಸ್ ಸಿಟಿಯಲ್ಲಿ ಬಾಗಿಲುಗಳು ತೆರೆದೇ ಇದ್ದದ್ದಕ್ಕೆ ಕಾರಣ ಅಷ್ಟು ಗೌರವದ್ದಲ್ಲ. ಆ ಊರನ್ನು ಆಳುತ್ತಿದ್ದದ್ದು ಟಾಮ್ ಪೆಂಡರ್‌ಗ್ಯಾಸ್ಟ್ ಎಂಬ ರಾಜಕೀಯ ಧಣಿ. ಪಾನನಿಷೇಧ ಅಲ್ಲಿ ಹೆಸರಿಗೆ ಮಾತ್ರ ಇತ್ತು. ಜೂಜುಕಟ್ಟೆಗಳು, ಕ್ಲಬ್ಬುಗಳು ಬೆಳಗಿನವರೆಗೆ ನಡೆಯುತ್ತಿದ್ದವು. ಊರಿನ ರಸ್ತೆ, ಕಟ್ಟಡಗಳಿಗೆ ಬೇಕಾದ ಕಾಂಕ್ರೀಟನ್ನು ಧಣಿಯ ಕಂಪನಿಯೇ ಒದಗಿಸುತ್ತಿದ್ದು, ಕಾಮಗಾರಿಗಳಿಂದ ಕೆಲಸವಿಲ್ಲದವರಿಗೆ ಕೂಲಿ ಸಿಗುತ್ತಿತ್ತು, ಆ ಕೂಲಿ ರಾತ್ರಿ ಕ್ಲಬ್ಬುಗಳಿಗೆ ಹರಿಯುತ್ತಿತ್ತು. ದೇಶದ ಇತರೆಡೆ ವಾದ್ಯಗಾರರು ಉಪವಾಸವಿದ್ದಾಗ ಇಲ್ಲಿ ರಾತ್ರಿಯಿಡೀ ನುಡಿಸಲು ಜಾಗವಿತ್ತು, ಕೂಲಿ ಕಡಿಮೆಯಾದರೂ ಸರಿ. 1939ರಲ್ಲಿ ಪೆಂಡರ್‌ಗ್ಯಾಸ್ಟ್ ಜೈಲಿಗೆ ಹೋದದ್ದು ಆದಾಯ ತೆರಿಗೆ ವಂಚನೆಯ ಆರೋಪದ ಮೇಲೆ ಎಂಬುದನ್ನು ನನ್ನಂಥ ಲೆಕ್ಕಿಗರು ಒಂದಿಷ್ಟು ತೃಪ್ತಿಯಿಂದಲೇ ಓದುತ್ತೇವೆ. ಆದರೆ ಅವನ ಆಳ್ವಿಕೆಯೊಂದಿಗೆ ಆ ರಾತ್ರಿಗಳೂ ಮುಗಿದವು.

1935ರಲ್ಲಿ ಮೋಟೆನ್ ತೀರಿಕೊಂಡ ಮೇಲೆ ಬೇಸಿ ಅಲ್ಲಿನ ರೀನೊ ಕ್ಲಬ್ಬಿನಲ್ಲಿ ತಮ್ಮದೇ ತಂಡ ಕಟ್ಟಿದರು. ನ್ಯೂಯಾರ್ಕಿನ ತಂಡಗಳು ಹಾಳೆ ನೋಡಿ ನುಡಿಸುತ್ತಿದ್ದರೆ ಇವರದ್ದು ಬಹುಪಾಲು ಬಾಯಿಪಾಠ. ಒಬ್ಬರು ನಾಲ್ಕಾರು ಸ್ವರಗಳ ಪುಟ್ಟ ನುಡಿಯನ್ನು ಎತ್ತುತ್ತಾರೆ, ಪಕ್ಕದವರು ಹಿಡಿಯುತ್ತಾರೆ, ಎದುರಿನ ಬಣ ಬೇರೆಯೊಂದನ್ನು ಕಟ್ಟುತ್ತದೆ. ಚೆನ್ನಾಗಿದ್ದರೆ ನಾಳೆಗೂ ಉಳಿಯುತ್ತದೆ. 'ಒನ್ ಓ'ಕ್ಲಾಕ್ ಜಂಪ್' ಹುಟ್ಟಿದ್ದು ಹೀಗೆಯೇ. 1937ರ ಜುಲೈನಲ್ಲಿ ಡೆಕ್ಕಾಗೆ ಮುದ್ರಿಸಿದ ಅದರ ಮೂರು ನಿಮಿಷಗಳನ್ನು ನಾನು ಎಷ್ಟು ಸಲ ಕೇಳಿದ್ದೇನೋ ತಿಳಿಯದು. ಮೊದಲಿಗೆ ಪಿಯಾನೊ, ಬಾಸ್, ಗಿಟಾರ್, ಡ್ರಮ್ ಮಾತ್ರ. ಬೇಸಿ ಬೆರಳುಗಳನ್ನು ಜಿಪುಣತನದಿಂದ ಬಳಸುತ್ತಾರೆ. ಬೇರೆಯವರು ಹತ್ತು ಸ್ವರ ತುಂಬುವ ಜಾಗದಲ್ಲಿ ಎರಡನ್ನಿಟ್ಟು ಉಳಿದುದನ್ನು ಲಯಕ್ಕೆ ಬಿಡುತ್ತಾರೆ. ಆಮೇಲೆ ಆಧಾರ ಸ್ವರವೇ ಬದಲಾಗಿ ಹರ್ಷಲ್ ಇವಾನ್ಸ್ ಅವರ ಟೆನರ್ ಸ್ಯಾಕ್ಸೊಫೋನ್ ತುಂಬು ಗಂಟಲಲ್ಲಿ ಬರುತ್ತದೆ. ಅದಾದ ಮೇಲೆ ಟ್ರೊಂಬೋನ್, ಮತ್ತೆ ಲೆಸ್ಟರ್ ಯಂಗ್: ಅದೇ ವಾದ್ಯ, ಆದರೆ ತೂಕವೇ ಇಲ್ಲದ ದನಿ, ಒಂದೇ ಸ್ವರವನ್ನು ಬೆರಳು ಬದಲಿಸಿ ಬದಲಿಸಿ ಬೇರೆ ಬೇರೆ ಬಣ್ಣಗಳಲ್ಲಿ ತೋರಿಸುವ ಚಮತ್ಕಾರ. ನಾಲ್ಕು ವರ್ಷಗಳ ಹಿಂದೆ ಬ್ಲೂಫೀಲ್ಡಿನಲ್ಲಿ ಗತಿಗೆಟ್ಟು ನಿಂತಿದ್ದವರು ಇವರೇ. ಕೊನೆಗೆ ಎರಡೂ ಬಣಗಳು ನುಡಿಯ ಮೇಲೆ ನುಡಿ ಪೇರಿಸುತ್ತಾ ಹೋಗುತ್ತವೆ. ದನಿ ಏರಿದಂತೆ ಅನ್ನಿಸುತ್ತದೆ, ವೇಗ ಮಾತ್ರ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ.

ಈ ತಂಡದ ಪ್ರಸಾರವನ್ನು ಷಿಕಾಗೊದಲ್ಲಿ ಕಾರಿನ ರೇಡಿಯೊದಲ್ಲಿ ಆಕಸ್ಮಿಕವಾಗಿ ಕೇಳಿದ ಜಾನ್ ಹ್ಯಾಮಂಡ್ ಎಂಬ ಶ್ರೀಮಂತ ಮನೆತನದ ಸಂಗೀತಾಸಕ್ತ ಅವರನ್ನು ಬೆಳಕಿಗೆ ತಂದರು. ಗುಡ್‌ಮನ್‌ಗೆ ಹೆಂಡರ್ಸನ್ ಬರಹಗಳನ್ನು ಕೊಡಿಸಿದ್ದೂ, 1933ರ ನವೆಂಬರಿನ ಒಂದೇ ವಾರದಲ್ಲಿ ಬೆಸ್ಸಿ ಸ್ಮಿತ್ ಅವರ ಕೊನೆಯ ಮುದ್ರಣವನ್ನೂ ಗಾಯಕಿ ಬಿಲ್ಲಿ ಹಾಲಿಡೆ ಅವರ ಮೊದಲ ಮುದ್ರಣವನ್ನೂ ಮಾಡಿಸಿದ್ದೂ ಇವರೇ. ಆದರೆ ಹ್ಯಾಮಂಡ್ ಕಾನ್ಸಾಸ್ ಸಿಟಿ ತಲುಪುವ ಮೊದಲೇ ಡೆಕ್ಕಾದವರು ಬೇಸಿ ಅವರಿಂದ ಸಹಿ ಹಾಕಿಸಿಕೊಂಡಿದ್ದರು: 24 ಹಾಡುಗಳಿಗೆ 750 ಡಾಲರ್, ರಾಯಲ್ಟಿ (ಮಾರಾಟವಾದ ರೆಕಾರ್ಡುಗಳ ಮೇಲಿನ ಪಾಲು) ಇಲ್ಲ. ಭಾಗಿಸಿ ನೋಡಿದೆ. ಹಾಡಿಗೆ 31 ಡಾಲರ್ 25 ಸೆಂಟು. ಹದಿಮೂರು ಜನರಿಗೆ ಹಂಚಿದರೆ ತಲೆಗೆ ಎರಡೂವರೆ ಡಾಲರಿಗೂ ಕಡಿಮೆ. ವಾದ್ಯಗಾರರ ಸಂಘ ಮಧ್ಯೆ ಬಂದು ಕೂಲಿಯನ್ನು ಏರಿಸಿತು, ಆದರೆ ರಾಯಲ್ಟಿಯ ಮಾತು ಬದಲಾಗಲಿಲ್ಲ. ರೆಕಾರ್ಡು 35 ಸೆಂಟಿಗೆ ಸಿಕ್ಕಿದ್ದರ ಹಿಂದೆ ಇಂಥ ಕಾಗದಗಳೂ ಇದ್ದವು.

ಬಿತ್ತಿದವರು ಒಬ್ಬರು, ಬೆಳೆ ಕೊಯ್ದವರು ಇನ್ನೊಬ್ಬರು ಎಂಬ ದೂರನ್ನು ಇಲ್ಲಿ ನಿರಾಕರಿಸಲು ಬರುವುದಿಲ್ಲ. ದೊಡ್ಡ ಹೋಟೆಲುಗಳ ಕೆಲಸ, ಪ್ರಾಯೋಜಿತ ರೇಡಿಯೊ ಕಾರ್ಯಕ್ರಮ ಬಹುಮಟ್ಟಿಗೆ ಬಿಳಿಯರ ತಂಡಗಳಿಗೆ ಸಿಕ್ಕವು. ಕಪ್ಪು ವಾದ್ಯಗಾರರು ಒಂದೊಂದು ರಾತ್ರಿಗೆ ಒಂದೊಂದು ಊರು ಸುತ್ತುತ್ತಾ, ಯಾವ ಹೋಟೆಲಿನಲ್ಲೂ ಕೋಣೆ ಸಿಗದೆ ಬಸ್ಸಿನಲ್ಲೇ ಮಲಗಿದರು. ಎಲಿಂಗ್ಟನ್ ತಂಡ ದಕ್ಷಿಣದ ರಾಜ್ಯಗಳಿಗೆ ಹೋಗುವಾಗ ಸ್ವಂತಕ್ಕೆ ರೈಲಿನ ಬೋಗಿಗಳನ್ನೇ ಬಾಡಿಗೆಗೆ ಹಿಡಿಯುತ್ತಿತ್ತು. ಸವಾಯ್‌ನ ನೆಲ ಸವೆಯುತ್ತಿದ್ದ ಅದೇ ಹಾರ್ಲೆಮ್‌ನಲ್ಲಿ 1935ರ ಮಾರ್ಚ್ 19ರಂದು ಗಲಭೆಯೆದ್ದು ಅಂಗಡಿಗಳು ಲೂಟಿಯಾದವು. ಗುಡ್‌ಮನ್ ಬಗ್ಗೆ ಒಂದು ಮಾತು ಮಾತ್ರ ಹೇಳಲೇಬೇಕು: ಪಿಯಾನೊ ವಾದಕ ಟೆಡ್ಡಿ ವಿಲ್ಸನ್, ವೈಬ್ರಾಫೋನ್ ವಾದಕ ಲಯನೆಲ್ ಹ್ಯಾಂಪ್ಟನ್ ಎಂಬ ಇಬ್ಬರು ಕಪ್ಪು ಕಲಾವಿದರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾರ್ವಜನಿಕವಾಗಿ ನುಡಿಸಿದರು, ಮತ್ತು ಹೆಂಡರ್ಸನ್ ಅವರ ಋಣವನ್ನು ಎಂದೂ ಮುಚ್ಚಿಡಲಿಲ್ಲ. 37.50 ಡಾಲರಿನ ಲೆಕ್ಕ ಅದರಿಂದ ಸರಿಹೋಗುವುದಿಲ್ಲ ಎನ್ನುವುದೂ ನಿಜ.

ಹೀಗೆ ಸ್ವದೇಶದಲ್ಲಿ ದಾರಿ ಕಾಣದವರಲ್ಲಿ ಕೆಲವರು ಹಡಗು ಹತ್ತಿದರು. ಲಿಯಾನ್ ಆ್ಯಬಿ ಅವರ ತಂಡ 1935ರಲ್ಲಿ ಮುಂಬಯಿಯ ತಾಜ್ ಹೋಟೆಲಿಗೆ ಬಂದು ನುಡಿಸಿತು. ಷಿಕಾಗೊದ ಪಿಯಾನೊ ವಾದಕ ಟೆಡ್ಡಿ ವೆದರ್‌ಫೋರ್ಡ್ ತಾಜ್‌ನಲ್ಲೂ, ಯುದ್ಧಕಾಲದಲ್ಲಿ ಕಲ್ಕತ್ತೆಯ ಗ್ರ್ಯಾಂಡ್ ಹೋಟೆಲಿನಲ್ಲೂ ನುಡಿಸಿ, 1945ರಲ್ಲಿ ಕಾಲರಾದಿಂದ ಕಲ್ಕತ್ತೆಯಲ್ಲೇ ತೀರಿಕೊಂಡರು. ಇವರಿಂದ ಕಲಿತ ಗೋವೆಯ ವಾದ್ಯಗಾರರು ಮುಂದೆ ಹಿಂದಿ ಚಿತ್ರಗೀತೆಗಳ ವಾದ್ಯವೃಂದಗಳಲ್ಲಿ ಕುಳಿತರು. ರೇಡಿಯೊದಲ್ಲಿ ಹಳೆಯ ಹಾಡೊಂದು ಬಂದು ನಡುವೆ ತುತ್ತೂರಿಗಳ ಬಣ ಗದ್ದಲವೆಬ್ಬಿಸಿದಾಗ, ಇದರ ಮೂಲ ಹಾಳೆ ರೋಸ್‌ಲ್ಯಾಂಡಿನದ್ದಲ್ಲವೇ ಎಂದು ನನಗೀಗ ಅನ್ನಿಸುತ್ತದೆ.

ಕಷ್ಟ ಮುಗಿದಾಗ ಏನಾಯಿತು? ಎರಡನೆಯ ಮಹಾಯುದ್ಧ ಅಮೆರಿಕದ ನಿರುದ್ಯೋಗವನ್ನು ಕೊನೆಗಾಣಿಸಿತು. ಅದರೊಂದಿಗೆ ದೊಡ್ಡ ತಂಡಗಳ ಲೆಕ್ಕವೂ ಕೆಟ್ಟಿತು. ವಾದ್ಯಗಾರರು ಸೈನ್ಯಕ್ಕೆ ಸೇರಿದರು, ಉಳಿದವರ ಕೂಲಿ ಏರಿತು. ಪೆಟ್ರೋಲು, ರಬ್ಬರಿಗೆ ಪಡಿತರ ಬಂದು ಊರೂರು ಸುತ್ತುವ ಬಸ್ಸುಗಳು ನಿಂತವು. 1942ರ ಆಗಸ್ಟ್ 1ರಿಂದ ವಾದ್ಯಗಾರರ ಸಂಘ ಮುದ್ರಣಕ್ಕೆ ಬಹಿಷ್ಕಾರ ಹಾಕಿದಾಗ ಆ ಬಹಿಷ್ಕಾರದ ಹೊರಗಿದ್ದ ಗಾಯಕರು ಮುಂದಿನ ಸಾಲಿಗೆ ಬಂದರು. 1944ರಲ್ಲಿ ಕುಣಿತ, ಹಾಡುಗಳಿರುವ ಪಾನಗೃಹಗಳ ಬಿಲ್ಲಿನ ಮೇಲೆ ಶೇಕಡ 30ರ ತೆರಿಗೆ ಬಿತ್ತು. ಕೆಲವೇ ತಿಂಗಳಲ್ಲಿ ಅದನ್ನು 20ಕ್ಕೆ ಇಳಿಸಿದರೂ ಅನೇಕ ಕಡೆ ಕುಣಿಯುವ ನೆಲದ ಮೇಲೆ ಮೇಜು ಕುರ್ಚಿಗಳು ಬಂದು ಕುಳಿತಾಗಿತ್ತು. 1946ರ ಡಿಸೆಂಬರ್ ತಿಂಗಳ ಆಸುಪಾಸಿನಲ್ಲೇ ಗುಡ್‌ಮನ್, ಟಾಮಿ ಡಾರ್ಸಿ, ವುಡಿ ಹರ್ಮನ್, ಹ್ಯಾರಿ ಜೇಮ್ಸ್, ಬೆನ್ನಿ ಕಾರ್ಟರ್ ಮುಂತಾದ ಎಂಟು ನಾಯಕರು ತಮ್ಮ ತಂಡಗಳನ್ನು ವಿಸರ್ಜಿಸಿದರು. ದೇಶದಲ್ಲಿ ಹಣವಿತ್ತು, ಜನರಿಗೆ ಕೆಲಸವಿತ್ತು, ಹದಿಮೂರು ಜನರನ್ನು ಸಾಕುವುದು ಮಾತ್ರ ಯಾರಿಗೂ ಸಾಧ್ಯವಿರಲಿಲ್ಲ.

ಬೇಸಿ 1950ರವರೆಗೆ ಹೇಗೋ ಎಳೆದರು. ಆ ವರ್ಷ ಅವರೂ ದೊಡ್ಡ ತಂಡವನ್ನು ಬಿಟ್ಟು ಕೈಬೆರಳೆಣಿಕೆಯ ಜನರೊಂದಿಗೆ ನುಡಿಸತೊಡಗಿದರು. ಎರಡು ವರ್ಷ ಕಳೆಯುವುದರೊಳಗೆ ಮತ್ತೆ ದೊಡ್ಡ ತಂಡ ಕಟ್ಟಿದರು. ಲೆಕ್ಕ ಬಲ್ಲವರು ಯಾರೂ ಕೊಡದ ಸಲಹೆ ಅದು. 1984ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ತಂಡ ಊರೂರು ಸುತ್ತಿತು, ಮತ್ತು ಕಾರ್ಯಕ್ರಮ ಮುಗಿಯುವಾಗ ನುಡಿಸುತ್ತಿದ್ದದ್ದು ರೀನೊ ಕ್ಲಬ್ಬಿನ ಅದೇ ಬಾಯಿಪಾಠದ ಹಾಡನ್ನು. ಅದರ 1937ರ ಮುದ್ರಿಕೆಯ ಎದುರು, ಡೆಕ್ಕಾದ ಆ ಕರಾರಿನಲ್ಲಿ, ರಾಯಲ್ಟಿಯ ಕಲಮು ಖಾಲಿಯಾಗಿಯೇ ಇತ್ತು.